ಬಿಗ್ ಮ್ಯಾನ್ ತೋಳಿನ ತಾಯತ

ಮಾರ್ಸ್ಡನ್ ಪಾರ್ಕ್

ಸುದ್ದಿ ಬಂದಾಗ ನಾನು ಅಕ್ಕಿ ಆರಿಸುತ್ತಿದ್ದೆ. ಸಿಡ್ನಿಯ ಅಂಗಡಿಯಲ್ಲಿ ಸಿಗುವ ಕುಚ್ಚಲಕ್ಕಿಯಲ್ಲಿ ಕಲ್ಲೂ ಇಲ್ಲ, ಭತ್ತವೂ ಇಲ್ಲ, ಹುಳವಂತೂ ಇಲ್ಲವೇ ಇಲ್ಲ. ಆದರೂ ತಟ್ಟೆಯಲ್ಲಿ ಹರಡಿ ಬೆರಳಾಡಿಸದೆ ಪಾತ್ರೆಗೆ ಸುರಿಯಲು ನನಗೆ ಮನಸ್ಸು ಬರುತ್ತಿರಲಿಲ್ಲ.

"ಅಕ್ಕ, ಹುಡುಕಿ ಹುಡುಕಿ ಕೊನೆಗೆ ನೀನೇ ಒಂದು ಕಲ್ಲು ಹಾಕ್ತಿಯೋ ಅಂತ," ಎಂದು ತಂಗಿ ಸುಜಾತ ತಮಾಷೆ ಮಾಡುತ್ತಿದ್ದಳು.

ಸುಜಾತ ಸಿಡ್ನಿಯ ಅಂಚಿನ ಮಾರ್ಸ್ಡನ್ ಪಾರ್ಕಿನಲ್ಲಿ ಮನೆ ಮಾಡಿಕೊಂಡಿದ್ದಾಳೆ. ನಾನು ಊರಿನಿಂದ ಅವಳಲ್ಲಿಗೆ ಬಂದು ಉಳಿದಿದ್ದೆ. ಬೀದಿಗೆ ಬೀದಿಯೇ ಹೊಸತು. ಮನೆಗಳಿಗೆ ವಯಸ್ಸಾಗಿಲ್ಲ, ಮರಗಳಿಗೆ ಇನ್ನೂ ಊರುಗೋಲು ಕಟ್ಟಿದ್ದಾರೆ. ಅವಳ ಮಗಳು ಅನನ್ಯ ಹೈಸ್ಕೂಲಿನಲ್ಲಿ, ಮಗ ನಿಶಾಂತ ಆಗಷ್ಟೇ ಹೈಸ್ಕೂಲು ಮುಗಿಸಿದವನು. ನಾವು ಮೂಲದಲ್ಲಿ ಕಿನ್ನಿಗೋಳಿಯ ಕಡೆಯವರು, ಮನೆಮಾತು ತುಳು. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಓದುವವರಿಗೆ ತೊಂದರೆ ಬೇಡ.

ಅನನ್ಯ ಫೋನು ಹಿಡಿದು ಮೆಟ್ಟಿಲಿಳಿದು ಬಂದಳು. "ದೊಡ್ಡಮ್ಮ, ದೇ ಪೋಸ್ಟೆಡ್ ಇಟ್. ಅಣ್ಣನ ಫೋಟೋ ಹಾಕಿದ್ದಾರೆ."

ನಿಶಾಂತ ಮೆಲ್ಬರ್ನಿನ ಒಂದು ಕಾಲೇಜಿಗೆ ಸೇರುವವನಿದ್ದ. ಆ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡ ಅವನನ್ನು ಆರಿಸಿಕೊಂಡಿತ್ತು. ಬುಟ್ಟಿಯ ಬುಡದಲ್ಲಿ ನಿಂತು ಎದುರಿನವರನ್ನು ತಡೆಯುವ, ಗುರಿ ತಪ್ಪಿದ ಚೆಂಡನ್ನು ಎತ್ತರದಲ್ಲೇ ಹಿಡಿದುಕೊಳ್ಳುವ ಆಟಗಾರನನ್ನು ಇವರು ಬಿಗ್ ಮ್ಯಾನ್ ಎನ್ನುತ್ತಾರೆ. ನಮ್ಮ ನಿಶಾಂತ ಆರು ಅಡಿ ಹತ್ತು ಇಂಚು. ನಮ್ಮ ವಂಶದಲ್ಲಿ ಯಾರೂ ಬಾಗಿಲಿಗೆ ತಲೆ ತಾಗಿಸಿಕೊಂಡವರಲ್ಲ. ಇವನು ತಾಗಿಸಿಕೊಳ್ಳದ ಬಾಗಿಲಿಲ್ಲ.

ಫೋಟೋದ ಕೆಳಗೆ ಜನ ಬರೆದಿದ್ದನ್ನು ಅನನ್ಯ ಓದಿ ಹೇಳುತ್ತಾ ಹೋದಳು. ಒಬ್ಬ, ಕೊನೆಗೂ ನಮಗೊಬ್ಬ ಬಿಗ್ ಮ್ಯಾನ್ ಸಿಕ್ಕಿದ ಎಂದಿದ್ದ. ಇನ್ನೊಬ್ಬ, ಇದು ಬಿಗ್ ಅಲ್ಲ, ಬರೀ ಉದ್ದ ಎಂದಿದ್ದ. ಯಾರೋ ಒಬ್ಬಳು, ದಯವಿಟ್ಟು ಇವನಿಗೆ ಒಂದು ಮೀಟ್ ಪೈ ತಿನ್ನಿಸಿ ಎಂದು ಬರೆದಿದ್ದಳು. ಮತ್ತೊಬ್ಬ ಜಿರಾಫೆ ಮರಿಯ ಚಿತ್ರವನ್ನೇ ಹಾಕಿದ್ದ. ಹಿಂದಿನ ಬಿಗ್ ಮ್ಯಾನ್‌ಗಿಂತ ಕೆಟ್ಟವನು ಸಿಗಲು ಸಾಧ್ಯವೇ ಇಲ್ಲ ಎಂದೊಬ್ಬ ಸಮಾಧಾನಪಟ್ಟುಕೊಂಡಿದ್ದ.

"ಇದು ಬೈಗುಳವೋ ಹೊಗಳಿಕೆಯೋ?" ಎಂದು ಕೇಳಿದೆ.

"ಬೋತ್," ಎಂದಳು ಅನನ್ಯ. "ಫ್ಯಾನ್ಸ್ ಆರ್ ಲೈಕ್ ದಟ್, ದೊಡ್ಡಮ್ಮ."

ನನ್ನ ಕೈ ಅಕ್ಕಿಯಲ್ಲೇ ನಿಂತಿತು. ಮಗುವಿಗೆ ಒಬ್ಬರ ಕಣ್ಣು ತಾಗಿದರೆ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕುತ್ತೇವೆ. ಫೋನಿನೊಳಗೆ ಇಷ್ಟೊಂದು ಕಣ್ಣು, ಒಂದರ ಮುಖವೂ ಗೊತ್ತಿಲ್ಲ. ಇದಕ್ಕೆ ಯಾರು ಏನು ನಿವಾಳಿಸುವುದು?

ಆಗ ನೆನಪಾದದ್ದು ತಾಯತ. ಊರಿನ ದೇವಿಯ ಗುಡಿಯಲ್ಲಿ ಪೂಜೆ ಮಾಡಿಸಿ ಮಕ್ಕಳಿಬ್ಬರಿಗೆಂದು ಕಪ್ಪು ನೂಲಿನಲ್ಲಿ ಪೋಣಿಸಿದ ಎರಡು ಬೆಳ್ಳಿ ತಾಯತ ತಂದಿದ್ದೆ. ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನನ್ನ ಚೀಲ ಬಿಚ್ಚಿ ಪ್ರಸಾದದ ಹೂವು, ತೆಂಗಿನಕಾಯಿ, ಅಡಿಕೆ ಎಲ್ಲವನ್ನೂ ಕೈಗವಸು ಹಾಕಿ ಎತ್ತಿ ಡಬ್ಬಕ್ಕೆ ಹಾಕಿದ್ದ. ಬಹಳ ಮರ್ಯಾದೆಯಿಂದಲೇ ಹಾಕಿದ, ಸಾರಿ ಎಂದೂ ಹೇಳಿದ. ತಾಯತ ಮಾತ್ರ ಬಿಟ್ಟ. ದೇವಿ ಇಷ್ಟನ್ನಾದರೂ ಉಳಿಸಿದಳಲ್ಲ ಎಂದು ಅಲ್ಲೇ ಕೈಮುಗಿದಿದ್ದೆ.

ಅನನ್ಯ ತನ್ನದನ್ನು ಶಾಲೆ ಚೀಲದ ಜಿಪ್ಪಿಗೆ ನೇತುಹಾಕಿದ್ದಳು. ನಿಶಾಂತ ಅಂದು ಸಂಜೆ ಸುಮ್ಮನೆ ತೋಳು ಚಾಚಿದ. ಅವನು ಸೋಫಾದಲ್ಲಿ ಕುಳಿತ, ನಾನು ನಿಂತುಕೊಂಡೇ ಕಟ್ಟಿದೆ.

"ಊರಿಗೆ ಬಂದು ದೇವಿಗೆ ಹೂವಿನ ಪೂಜೆ ಆಗುವವರೆಗೆ ಬಿಚ್ಚಬಾರದು. ಹರಕೆ ಹೇಳಿಕೊಂಡಿದ್ದೇನೆ. ಬಿಚ್ಚುವುದಿದ್ದರೆ ನಾನೇ."

"ಓಕೆ ದೊಡ್ಡಮ್ಮ. ಪ್ರಾಮಿಸ್," ಎಂದ.

ಗಂಟಿನ ಮೇಲೆ ಗಂಟು ಹಾಕಿದೆ. ಮರುದಿನ ಅವನು ಮೆಲ್ಬರ್ನಿಗೆ ಹೊರಟ.

ಚಾಟ್ಸ್‌ವುಡ್

ಸುಜಾತಳ ಗಂಡ ಹರೀಶರ ಆಫೀಸು ಚಾಟ್ಸ್‌ವುಡ್ಡಿನಲ್ಲಿ. ಒಂದು ದಿನ ಅವರು, "ಅತ್ತಿಗೆ, ಬರೀ ಮನೆ ನೋಡಿ ಹೋದರೆ ಸಿಡ್ನಿ ನೋಡಿದ ಹಾಗಾಗ್ಲಿಕ್ಕಿಲ್ಲ," ಎಂದು ನನ್ನನ್ನೂ ಕರೆದುಕೊಂಡು ಹೋದರು. ಸುಜಾತಳಿಗೆ ಅಂದು ಕೆಲಸವಿತ್ತು.

ಅಲ್ಲಿಗೆ ಹೋಗುವ ಮೆಟ್ರೋ ಬಹಳ ಚೊಕ್ಕಟ. ಎಲ್ಲ ಸರಿಯಿತ್ತು, ಹರೀಶರು ಇದಕ್ಕೆ ಡ್ರೈವರ್ ಇಲ್ಲ ಎಂದು ಹೇಳುವವರೆಗೆ. ಎದ್ದು ಹೋಗಿ ನೋಡಿದೆ. ನಿಜ, ಮುಂದೆ ಬರೀ ಗಾಜು, ಗಾಜಿನಾಚೆ ಕತ್ತಲೆಯ ಸುರಂಗ. ನಮ್ಮ ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರುಗಳನ್ನು ನಾನು ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ. ಅಂದು ಅವರೆಲ್ಲರ ಮೇಲೆ ಪ್ರೀತಿ ಬಂತು. ಬೈಯಲಿಕ್ಕಾದರೂ ಒಬ್ಬ ಇರುತ್ತಾನೆ. ಉಳಿದ ದಾರಿಯನ್ನು ದೇವಿಯ ನಾಮ ಹೇಳುತ್ತಾ ಕಳೆದೆ.

ಊಟದ ಹೊತ್ತಿಗೆ ಹರೀಶರು ನನ್ನನ್ನು ಒಂದು ದೊಡ್ಡ ಅಂಗಡಿ ಸಂಕೀರ್ಣದ ಊಟದ ಅಂಗಳದಲ್ಲಿ ಕೂರಿಸಿ ಮೊಸರನ್ನ ತೆಗೆದುಕೊಟ್ಟರು. ತಾವು ತಿನ್ನಲಿಲ್ಲ.

"ಅತ್ತಿಗೆ, ಸುಜಾತಂಗೆ ಹೇಳಿಲ್ಲ. ನಿಶಾಂತ್ ಟೀಮಲ್ಲಿ ಇದ್ದಾನೆ ಅಂತ ಫೋಟೋ ಹಾಕಿದ್ರಲ್ಲ, ಅದು ಇನ್ನೂ ಗಟ್ಟಿ ಅಲ್ಲ. ಕೋಚ್ ಅವನತ್ರ ಸ್ಟ್ರೇಟ್ ಆಗಿ ಹೇಳಿದ್ದಾನೆ. ಫಸ್ಟ್ ಗೇಮ್ ನೋಡ್ತೇನೆ. ಸರಿ ಆದ್ರೆ ಮೇನ್ ಟೀಮ್, ಇಲ್ಲಾಂದ್ರೆ ಎರಡನೇ ಟೀಮು. ಅವನ ಜಾಗಕ್ಕೆ ಇನ್ನೊಬ್ಬ ರೆಡಿ ಇದ್ದಾನೆ."

"ಎರಡನೇ ಟೀಮಿನಲ್ಲಿ ಆಡಿದರೆ ಎಂತ ತೊಂದರೆ?"

"ಅವನು ಆಡೋದಿಲ್ಲ ಅಂತಾನೆ. ಆಟವೇ ಬಿಟ್ಟುಬಿಡ್ತೇನೆ ಅಂತಾನೆ." ಹರೀಶರು ಚಮಚವನ್ನು ತಿರುಗಿಸಿದರು. "ಆ ಕಾಮೆಂಟ್ಸ್ ಎಲ್ಲಾ ಅವನು ಓದ್ತಾನೆ, ಅತ್ತಿಗೆ. ಒಂದೂ ಬಿಡದೆ. ಪ್ರೈಮರಿ ಸ್ಕೂಲಲ್ಲಿ ಅವನ ಹೈಟ್ ನೋಡಿ ನಗ್ತಿದ್ರು. ಕ್ಲಾಸ್ ಫೋಟೋದಲ್ಲಿ ಟೀಚರ್ ಪಕ್ಕದಲ್ಲಿ ನಿಲ್ಲಿಸ್ತಿದ್ರು. ಬೆನ್ನು ಗೂನು ಮಾಡ್ಕೊಂಡು ನಡೀತಿದ್ದ. ಬಾಸ್ಕೆಟ್‌ಬಾಲ್ ಸಿಕ್ಕಿದ ಮೇಲೆ ನೇರ ನಿಂತದ್ದು. ಈಗ ಅಲ್ಲೂ ನಗೋಕೆ ಶುರು ಮಾಡಿದ್ರೆ..."

ನಾನು ಮೊಸರನ್ನದ ಬಟ್ಟಲನ್ನು ಅವರ ಮುಂದೆ ಸರಿಸಿದೆ. ಸುತ್ತಲೂ ಜನ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಮೌನವಾಗಿ ತಿನ್ನುತ್ತಿದ್ದರು, ಎದ್ದು ಹೋಗುವಾಗ ತಟ್ಟೆಯನ್ನು ತಾವೇ ಎತ್ತಿಡುತ್ತಿದ್ದರು. ಇಷ್ಟು ಸಭ್ಯ ಜನ ಫೋನಿನಲ್ಲಿ ಮಾತ್ರ ಹಾಗೇಕೆ ಬರೆಯುತ್ತಾರೋ.

ಒಂದೇ ಸಮಾಧಾನ, ತಾಯತ ಅವನ ತೋಳಿನಲ್ಲಿತ್ತು.

ಗ್ಲೆನ್ ವೇವರ್ಲಿ

ಮೊದಲ ಆಟಕ್ಕೆಂದು ಸುಜಾತ ಮತ್ತು ನಾನು ಮೆಲ್ಬರ್ನಿಗೆ ಹೋದೆವು. ಹರೀಶರಿಗೆ ರಜೆ ಸಿಗಲಿಲ್ಲ, ಅನನ್ಯಳಿಗೆ ಪರೀಕ್ಷೆ. ನಿಶಾಂತ ಗ್ಲೆನ್ ವೇವರ್ಲಿಯಲ್ಲಿ ಮೈಸೂರಿನವರೊಬ್ಬರ ಮನೆಯ ಹಿಂದಿನ ಕೋಣೆಯನ್ನು ರೆಂಟಿಗೆ ಹಿಡಿದಿದ್ದ. ಮನೆಯವರು ಊರಿಗೆ ಹೋಗಿದ್ದರು, ಅಡುಗೆಮನೆಯನ್ನು ನಮಗೆ ಬಿಟ್ಟುಕೊಟ್ಟಿದ್ದರು. ಪರಸ್ಥಳದಲ್ಲಿ ನಮ್ಮದೇ ರೀತಿಯ ಒಗ್ಗರಣೆ ಡಬ್ಬಿ ಕೈಗೆ ಸಿಗುವುದೆಂದರೆ ಸಣ್ಣ ಪುಣ್ಯವಲ್ಲ.

ನಿಶಾಂತ ಸೊರಗಿದ್ದ. ಅವನ ಮಂಚ ಗಿಡ್ಡ. ಕಾಲಿನ ಕಡೆ ಒಂದು ಸ್ಟೂಲಿಟ್ಟು ಅದರ ಮೇಲೆ ದಿಂಬಿಟ್ಟಿದ್ದ. ನೀರುದೋಸೆಯನ್ನು ಎಣಿಸದೆ ತಿನ್ನುತ್ತಿದ್ದ ಹುಡುಗ ಅಂದು ಎರಡಕ್ಕೇ ಸಾಕೆಂದ.

"ಎಂತ ಮಾರಾಯ, ಮೂಗಿಗೆ ಹಾಕಲಿಕ್ಕೂ ಸಾಲದು ಇದು," ಎಂದಳು ಸುಜಾತ.

"ಐಯಾಮ್ ಫೈನ್, ಮಾ."

ಫೈನ್ ಎನ್ನುವಾಗ ಅವನು ಫೋನು ನೋಡುತ್ತಿದ್ದ. ನಾನು ಹೋಗಿ ತೋಳು ಮುಟ್ಟಿ ನೋಡಿದೆ. ತಾಯತ ಇತ್ತು.

"ಬಿಚ್ಚಲಿಲ್ಲ ದೊಡ್ಡಮ್ಮ. ಸ್ನಾನಕ್ಕೂ ಬಿಚ್ಚಲಿಲ್ಲ." ಸ್ವಲ್ಪ ತಡೆದು, "ಗೇಮ್ ದಿನ ಟೇಪ್ ಸುತ್ತಿದ್ರೆ ಆಯ್ತು," ಎಂದ.

ಟೇಪ್ ಏಕೆ ಎಂದು ನಾನು ಕೇಳಬೇಕಿತ್ತು. ಬೆವರಿಗೆ ಇರಬೇಕು ಎಂದುಕೊಂಡು ಸುಮ್ಮನಾದೆ.

ಗ್ಯಾಲರಿ

ಆಟ ಶನಿವಾರ ಮಧ್ಯಾಹ್ನ. ನನಗೆ ಶನಿವಾರ ಒಪ್ಪೊತ್ತು. ಸೀರೆಯ ಮೇಲೆ ಸುಜಾತಳ ಕೋಟು, ಕಾಲಿಗೆ ಅನನ್ಯಳ ಹಳೆಯ ಶೂ ಹಾಕಿಕೊಂಡು ಹೋದೆ. ನಮ್ಮಲ್ಲಿ ಕಬಡ್ಡಿ ಪಂದ್ಯವೆಂದರೆ ಬಯಲಿನಲ್ಲಿ ದೀಪ ಹಾಕಿ, ಮೈಕಿನಲ್ಲಿ ಒಬ್ಬ ಉಸಿರು ಬಿಡದೆ ಆಟಗಾರನ ಮಾವನ ಮನೆಯವರೆಗೆ ವರದಿ ಒಪ್ಪಿಸುತ್ತಾನೆ. ಇಲ್ಲಿ ಒಳಾಂಗಣ, ಮರದ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಂದು ಬದಿಯಲ್ಲಿ ಕಾಲೇಜು ಮಕ್ಕಳು ಡ್ರಮ್ಮು ಹಿಡಿದು ನಿಂತಿದ್ದರು. ಅವರ ಕೈಯಲ್ಲಿ ರಟ್ಟಿನಲ್ಲಿ ಕತ್ತರಿಸಿದ ಜಿರಾಫೆಯ ಕತ್ತು, ಅದಕ್ಕೆ ತಂಡದ ಬಣ್ಣದ ಶಾಲು.

"ಅಕ್ಕ, ಅದು ಪ್ರೀತಿಗೆ," ಎಂದಳು ಸುಜಾತ. ಅವಳ ಧ್ವನಿಯಲ್ಲೇ ನಂಬಿಕೆ ಇರಲಿಲ್ಲ.

ನನ್ನ ಇನ್ನೊಂದು ಪಕ್ಕದಲ್ಲಿ ಜೋನ್ ಎಂಬ ಮುದುಕಿ ಕುಳಿತಿದ್ದಳು. ಸ್ವಂತ ದಿಂಬು ತಂದು ಹಾಕಿಕೊಂಡಿದ್ದಳು, ಮಡಿಲಲ್ಲಿ ಸುಲಿದ ಕಿತ್ತಳೆ ತೊಳೆಗಳ ಡಬ್ಬಿ. ಕೂತ ಕೂಡಲೇ ಹೆಸರು ಹೇಳಿದಳು, ಡಬ್ಬಿ ಚಾಚಿದಳು. ಹಣ್ಣು ಒಪ್ಪೊತ್ತಿಗೆ ಆಗುತ್ತದೆ, ತೆಗೆದುಕೊಂಡೆ. ಯಾವ ಆಟವನ್ನೂ ಅವಳು ತಪ್ಪಿಸಿದವಳಲ್ಲವಂತೆ. ಆಟಗಾರರು ಓಡುತ್ತಾ ಬಂದಾಗ ನಿಶಾಂತನತ್ತ ಬೆರಳು ಮಾಡಿ ಏನೋ ಹೇಳಿ ನಕ್ಕಳು. ಅವಳ ಇಂಗ್ಲಿಷು ನನಗೆ ಅರ್ಧ ತಿಳಿಯಿತು, ಉಳಿದರ್ಧಕ್ಕೆ ಸುಜಾತಳ ಮುಖ ನೋಡಿದೆ.

"ಬಾಗಿಲು ತೆರೆದರೆ ಗಾಳಿಗೆ ಹಾರಿಹೋಗ್ತಾನೆ ಅಂತಾಳೆ," ಎಂದು ಸುಜಾತ ಹಲ್ಲು ಕಚ್ಚಿ ಹೇಳಿದಳು. "ಹಿಂದಿನವನು ಕಂಬದ ಹಾಗೆ ನಿಲ್ತಿದ್ದ, ಇವನು ಬಟ್ಟೆ ಒಣಗಿಸೋ ಕೋಲಿನ ಹಾಗೆ ಅಂತ."

ತೊಳೆ ಬಾಯಲ್ಲಿತ್ತು. ಉಗುಳುವ ಹಾಗಿಲ್ಲ, ನುಂಗಿದೆ.

ಆಟ ಶುರುವಾಗುವ ಮೊದಲು ಪಟ್ಟೆ ಅಂಗಿಯ ರೆಫರಿ ಸಾಲಾಗಿ ನಿಂತ ಆಟಗಾರರ ಕೈ, ಕತ್ತು ನೋಡುತ್ತಾ ಬಂದ. ನಿಶಾಂತನ ಬಳಿ ನಿಂತ. ತೋಳಿಗೆ ಸುತ್ತಿದ ಬಿಳಿ ಟೇಪಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದ. ತಲೆಯಲ್ಲಾಡಿಸಿದ. ನಿಶಾಂತ ಏನೋ ಹೇಳಿದ. ಕೋಚ್ ಬಂದ. ಮೂವರೂ ಮಾತಾಡಿದರು. ನಿಶಾಂತ ತೋಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡ. ಕೋಚ್ ಬೆಂಚಿನ ಕಡೆ ಕೈ ತೋರಿಸಿದ. ಅವನು ಹೋಗಿ ಕುಳಿತ. ಅವನ ಜಾಗಕ್ಕೆ ಇನ್ನೊಬ್ಬ ಹುಡುಗ ಮೈಮೇಲಿನ ಜಾಕೆಟು ತೆಗೆಯತೊಡಗಿದ.

ಗ್ಯಾಲರಿಯಲ್ಲಿ ಗುಜುಗುಜು ಎದ್ದಿತು. ಹಿಂದಿನ ಸಾಲಿನ ಗಂಡಸು ಮೊಣಕಾಲು ಎಂದ. ಅದು ಮುಂದಿನ ಸಾಲಿಗೆ ಹೋಗುವಾಗ ಮೊಣಕಾಲಿಗೆ ಆಪರೇಷನ್ ಆಗಿಹೋಗಿತ್ತು. ಎತ್ತರದವರದೆಲ್ಲ ಇದೇ ಕಥೆ ಎಂದು ಯಾರೋ ಹೇಳಿದರು. ಡ್ರಮ್ಮು ನಿಂತಿತು. ಜಿರಾಫೆಯ ಕತ್ತು ಕೆಳಗಿಳಿಯಿತು.

"ಅಕ್ಕ," ಎಂದಳು ಸುಜಾತ. ನನ್ನ ಕೈ ಹಿಡಿದುಕೊಂಡಳು. "ಮೊಣಕಾಲೂ ಅಲ್ಲ ಎಂತದೂ ಅಲ್ಲ. ಮೈಮೇಲೆ ಲೋಹ ಇದ್ದರೆ ಇಲ್ಲಿ ಆಡಲಿಕ್ಕೆ ಬಿಡುವುದಿಲ್ಲ. ಇನ್ನೊಬ್ಬರಿಗೆ ತಾಗ್ತದಲ್ಲ. ಅದು ನಿನ್ನ ತಾಯತ."

"ಬಿಚ್ಚಬಹುದಲ್ಲ ಹಾಗಾದರೆ?"

"ಬಿಚ್ಚುವುದಿಲ್ಲ ಅವನು. ನಿನಗೆ ಮಾತು ಕೊಟ್ಟಿದ್ದಾನೆ."

ಗ್ಯಾಲರಿಯ ಮೆಟ್ಟಿಲುಗಳಿಗೆ ಹಿಡಿಕೆ ಇತ್ತು, ಅದು ದೇವರ ದಯೆ. ಇಲ್ಲದಿದ್ದರೆ ಆ ಅವಸರದಲ್ಲಿ ಸೀರೆ ಕಾಲಿಗೆ ಸಿಕ್ಕಿ ಉರುಳಿ ಬೀಳುತ್ತಿದ್ದೆ. ಕೆಳಗೆ ಹಗ್ಗದ ಬಳಿ ಒಬ್ಬ ಸ್ವಯಂಸೇವಕ ಅಡ್ಡ ನಿಂತ. ನಾನು ನಿಶಾಂತನನ್ನು ತೋರಿಸಿ, "ಐ ಆಂಟಿ," ಎಂದೆ. ಅವನು ನಕ್ಕು ತಲೆಯಲ್ಲಾಡಿಸಿದ. ಊರಿನಲ್ಲಿ ಕಂಡವರಿಗೆಲ್ಲ ಆಂಟಿ ಎನ್ನುವ ನಮ್ಮ ಅಭ್ಯಾಸ ಅವನಿಗೂ ಗೊತ್ತಿತ್ತೋ ಏನೋ, ನಂಬಲಿಲ್ಲ.

ಹಿಂದಿನಿಂದ ಜೋನ್ ಕೂಗಿದಳು. ಎದ್ದು ನಿಂತಿದ್ದಳು, ಡಬ್ಬಿ ಕೈಯಲ್ಲೇ ಇತ್ತು. ಪಕ್ಕದಲ್ಲಿ ಸುಜಾತ ಅವಳಿಗೆ ಏನೋ ಹೇಳುತ್ತಿದ್ದಳು. "ಲೆಟ್ ಹರ್ ಥ್ರೂ, ಲವ್," ಎಂದು ಜೋನ್ ಆ ಹುಡುಗನಿಗೆ ಹೇಳಿದ ಧ್ವನಿಯಲ್ಲಿ ಅವನು ಮಗ್ಗಿ ಕಲಿಯುತ್ತಿದ್ದಾಗಿನಿಂದ ಬಲ್ಲವಳ ಗತ್ತಿತ್ತು. ಅವನು ಹಗ್ಗ ಎತ್ತಿದ.

ನಿಶಾಂತ ನನ್ನನ್ನು ಕಂಡು ಎದ್ದ.

"ಕೈ ಕೊಡು."

"ಬೇಡ ದೊಡ್ಡಮ್ಮ. ಹರಕೆ ಅಂತ ಹೇಳಿದಿಯಲ್ಲ."

"ಹರಕೆ ನನ್ನದು. ದೇವಿ ಹತ್ತಿರ ನಾನು ಮಾತಾಡ್ತೇನೆ. ನೀನು ಕೈ ಕೊಡು."

"ಅದು ಇಲ್ಲದೆ ಆಡಿ ಏನಾದ್ರೂ ಆದ್ರೆ?" ಎಂದ. ಆಮೇಲೆ ಬಹಳ ಮೆಲ್ಲಗೆ, "ಎಲ್ಲರೂ ನೋಡ್ತಿದ್ದಾರೆ, ದೊಡ್ಡಮ್ಮ," ಎಂದ.

ಆಗ ನನಗೆ ಅರ್ಥವಾಯಿತು. ಅವನು ಮಾತಿಗೆ ಕಟ್ಟುಬಿದ್ದದ್ದು ಅರ್ಧ, ಉಳಿದರ್ಧ ಹೆದರಿಕೆ. ಕಾಮೆಂಟು ಓದಿ ಓದಿ ಸೋತ ಹುಡುಗನಿಗೆ ಬೆಂಚಿನಲ್ಲಿ ಕೂರಲು ನಾನೇ ಒಂದು ನೆಪವನ್ನು ಬೆಳ್ಳಿಯಲ್ಲಿ ಮಾಡಿಸಿ ಕಟ್ಟಿಕೊಟ್ಟಿದ್ದೆ.

"ನೋಡ್ಲಿ," ಎಂದೆ. "ಕಣ್ಣು ಇರುವುದೇ ನೋಡಲಿಕ್ಕೆ. ದೇವಿಯನ್ನು ಒಂದು ನೂಲಿಗೆ ಕಟ್ಟಿ ತಂದದ್ದು ಅಂತ ತಿಳ್ಕೊಂಡಿದ್ದೀಯಾ? ಬಗ್ಗು, ನನಗೆ ಕೈಗೆಟುಕುವುದಿಲ್ಲ."

ಅವನು ಬಗ್ಗಿದ. ಸಾಲಲಿಲ್ಲ. ಆ ಹೊಳೆಯುವ ನೆಲದ ಅಂಚಿನಲ್ಲೇ ಮೊಣಕಾಲೂರಿದ. ಟೇಪು ಸುಲಿದೆ. ನೂಲು ಬೆವರಿಗೆ ಬಿಗಿದುಕೊಂಡಿತ್ತು, ಗಂಟಿನ ಮೇಲಿನ ಗಂಟು ಉಗುರಿಗೆ ಬರಲಿಲ್ಲ. ಕೊನೆಗೆ ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ತಪ್ಪಾಯಿತು ತಾಯಿ, ಎಂದೆ. ಪೂಜೆಯನ್ನು ತಪ್ಪಿಸುವುದಿಲ್ಲ, ಇವನ ಕಾಲು ಗಟ್ಟಿ ಇರಲಿ. ಗ್ಯಾಲರಿ ಆಗ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಯಾರೋ ಚಿಪ್ಸ್ ಪೊಟ್ಟಣ ಒಡೆದದ್ದು ಕೇಳಿಸಿತು.

ರೆಫರಿ ತೋಳನ್ನು ಮತ್ತೊಮ್ಮೆ ಒತ್ತಿ ನೋಡಿ, ಹೋಗೆಂದ. ಕೋಚ್ ನನ್ನ ಕಡೆ ನೋಡಲೇ ಇಲ್ಲ. ಜಾಕೆಟು ತೆಗೆದ ಹುಡುಗನ ಭುಜ ತಟ್ಟಿ ಕೂರಿಸಿ, ನಿಶಾಂತನನ್ನು ಒಳಗೆ ಕಳಿಸಿದ.

ಮೊಣಕಾಲೂರಿ ಎದ್ದವನ ಮೊಣಕಾಲಿನಲ್ಲಿ ದೋಷವಿಲ್ಲ ಎಂಬುದು ಎಲ್ಲರಿಗೂ ಗೊತ್ತಾಗಿತ್ತು. ಡ್ರಮ್ಮು ಮತ್ತೆ ಶುರುವಾಯಿತು. ತಾಯತವನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡು ನಾನು ನನ್ನ ಜಾಗಕ್ಕೆ ಮರಳಿದೆ.

ಆಟದ ವಿವರ ನನ್ನಿಂದ ಹೇಳಲಾಗದು, ಅರ್ಧ ಹೊತ್ತು ಕಣ್ಣು ಮುಚ್ಚಿದ್ದೆ. ಮೊದಲ ಚೆಂಡು ಅವನ ಕೈಯಿಂದ ಜಾರಿತು. ಎರಡನೆಯದಕ್ಕೆ ಹಾರಿ ತಾನೇ ಬಿದ್ದ. ಹಿಂದಿನವರು ಊ ಎಂದರು. ಜೋನ್ ಮಾತ್ರ ಯಾವ ಮುಲಾಜೂ ಇಲ್ಲದೆ, ಅವನ ಕೈಗೆ ಸೋಪು ಮೆತ್ತಿದೆ ಎಂದಳು. ನಾನು ಅವನ ದೊಡ್ಡಮ್ಮ ಎಂದು ಈಗ ಅವಳಿಗೆ ಗೊತ್ತಿತ್ತು. ಆಮೇಲೆ ಎದುರಿನ ದಪ್ಪ ಹುಡುಗನೊಬ್ಬ ಬುಟ್ಟಿಗೆ ಚೆಂಡು ಎತ್ತಿದಾಗ ನಿಶಾಂತನ ಅಂಗೈ ಮೇಲಿನಿಂದ ಬಂದು ಅದನ್ನು ಗೋಡೆಗೆ ಬಡಿಯಿತು. ಗ್ಯಾಲರಿಗೆ ಗ್ಯಾಲರಿಯೇ ಎದ್ದು ನಿಂತಿತು. ಸುಜಾತ ನನ್ನ ತೋಳನ್ನು ಹಿಂಡಿದ ಗುರುತು ವಾರವಿಡೀ ಇತ್ತು.

ಕೊನೆಗೆ ತಂಡ ಸ್ವಲ್ಪದರಲ್ಲಿ ಸೋತಿತು. ಇಳಿದು ಬರುವಾಗ ಒಬ್ಬ ಪರವಾಗಿಲ್ಲ ಎಂದ, ಇನ್ನೊಬ್ಬ ಇವನಿಂದಲೇ ಸೋತೆವು ಎಂದ. ಜಿರಾಫೆ ಹಿಡಿದಿದ್ದ ಕಾಲೇಜು ಮಕ್ಕಳು ಅವನೊಡನೆ ಫೋಟೋ ತೆಗೆಸಿಕೊಂಡರು. ಜೋನ್ ದಿಂಬನ್ನು ಕಂಕುಳಲ್ಲಿಟ್ಟುಕೊಂಡು ನನ್ನ ಎದುರು ನಿಂತಳು. ತಾನು ಹೇಳಿದ ಯಾವ ಮಾತನ್ನೂ ಹಿಂತೆಗೆದುಕೊಳ್ಳುವುದಿಲ್ಲವಂತೆ. "ಫೀಡ್ ಹಿಮ್," ಎಂದು ಹೇಳಿ ಹೋದಳು.

ಕೋಚ್ ಯಾರೊಡನೆಯೂ ಮಾತಾಡದೆ ಒಳಗೆ ಹೋದ.

ಭಾನುವಾರ

ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಹಾಲಿಟ್ಟೆ. ಕೋಚ್ ಹಾಕಿದ್ದ ಶರತ್ತನ್ನು ರಾತ್ರಿಯೇ ನಿಶಾಂತ ತಾಯಿಗೆ ಹೇಳಿದ್ದ, ಇನ್ನು ಕೋಚ್‌ನ ಫೋನಿಗೆ ಕಾಯುವುದಷ್ಟೇ. ಸುಜಾತ ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು. ನಿಶಾಂತನ ಫೋನು ಅಡುಗೆಮನೆಯ ಕಟ್ಟೆಯ ಮೇಲಿತ್ತು, ಮುಖ ಕೆಳಗೆ ಮಾಡಿ. ಅವನೇ ಹಾಗಿಟ್ಟು ಹಿತ್ತಲಿನ ಮೆಟ್ಟಿಲಲ್ಲಿ ಕುಳಿತಿದ್ದ.

"ಜನ ಎಂತ ಬರೆದಿದ್ದಾರೆ ಅಂತ ನೋಡಿದನಾ?" ಎಂದು ಸುಜಾತಳನ್ನು ಪಿಸುಗುಟ್ಟಿ ಕೇಳಿದೆ.

"ಮುಟ್ಟಲೇ ಇಲ್ಲ ಅಕ್ಕ, ನಿನ್ನೆಯಿಂದ."

ಮೂರನೇ ಸಲದ ಚಹಾದ ಹೊತ್ತಿಗೆ ಅದು ಕಟ್ಟೆಯ ಮೇಲೆ ಗರಗರ ಎಂದಿತು. ನಾವಿಬ್ಬರೂ ಅದನ್ನು ಹಾವಿನ ಹಾಗೆ ನೋಡಿದೆವು. ಅವನು ತಲೆ ಬಗ್ಗಿಸಿ ಬಾಗಿಲು ದಾಟಿ ಬಂದು ಎತ್ತಿಕೊಂಡ. "ಯೆಸ್, ಕೋಚ್," ಎಂದ. ಬಹಳ ಹೊತ್ತು ಕೇಳಿಸಿಕೊಂಡ. ಮತ್ತೆರಡು ಸಲ "ಯೆಸ್, ಕೋಚ್" ಎಂದ. ಅವನ ಬೆನ್ನು ನಮ್ಮ ಕಡೆಗಿತ್ತು. ಬೆನ್ನಿನಿಂದ ಏನನ್ನೂ ತಿಳಿಯಲಾಗಲಿಲ್ಲ.

ಇಟ್ಟ.

"ಬೈದ್ರಾ?" ಎಂದಳು ಸುಜಾತ.

"ತುಂಬಾ. ಕೈ ಸರಿ ಇಲ್ಲ, ಕಾಲು ಸರಿ ಇಲ್ಲ, ನಿಲ್ಲೋ ಜಾಗ ಸರಿ ಇಲ್ಲ." ತಿರುಗಿದ. "ಮಂಗಳವಾರ ಬೆಳಿಗ್ಗೆ ಪ್ರಾಕ್ಟೀಸ್. ಮೇನ್ ಟೀಮ್ ಜೊತೆ. ಲೇಟ್ ಆದ್ರೆ ನೋಡು ಅಂದ್ರು."

ಸುಜಾತ ಒರೆಸುವ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡಳು. ನಾನು ದೀಪದ ಬತ್ತಿಯನ್ನು ಸ್ವಲ್ಪ ಮುಂದಕ್ಕೆ ದೂಡಿದೆ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ. ನಿಶಾಂತ ಮಾತ್ರ ಆಗಲೇ ಕೋಣೆಯಿಂದ ಬಟ್ಟೆಗಳ ಗಂಟು ತಂದಿದ್ದ.

"ದೊಡ್ಡಮ್ಮ, ಜೆರ್ಸಿ ಮಂಗಳವಾರಕ್ಕೆ ಒಣಗ್ತದಾ?"

"ಈ ನಿಮ್ಮ ಬಿಸಿಲಿನ ಭರವಸೆ ಇಲ್ಲ ಮಾರಾಯ. ಈಗಲೇ ಹಾಕಬೇಕು."

ಅದರಲ್ಲಿ ನೆಲದ ಮಸಿ, ಬೆವರು, ಒಂದು ಕಡೆ ರಕ್ತವೂ ಇತ್ತು, ಯಾರದೋ ಗೊತ್ತಿಲ್ಲ. ಬಕೆಟ್ಟಿನಲ್ಲಿ ತಣ್ಣೀರು ಹಿಡಿದು, ಸೋಪು ಹಾಕಿ ಕೈಯಲ್ಲೇ ತಿಕ್ಕಿದೆ. ಹಿಂಡಿ ಹಿತ್ತಲಿಗೆ ತಂದೆ. ಇವರ ಬಟ್ಟೆ ಒಣಗಿಸುವ ತಂತಿ ಕೊಡೆಯ ಹಾಗೆ ಕಂಬದ ಮೇಲೆ ತಿರುಗುತ್ತದೆ. ಜೆರ್ಸಿ ಹಾಕಿದರೆ ಅಂಚು ಹುಲ್ಲಿಗೆ ತಾಗಿತು. ಕಂಬಕ್ಕೊಂದು ಹಿಡಿಕೆ ಇತ್ತು. ಅದನ್ನು ತಿರುವಿ ತಿರುವಿ ತಂತಿಯನ್ನು ಮೇಲೇರಿಸಿದೆ, ಆಮೇಲೆ ಕಾಲುಚೀಲಗಳನ್ನು ಎತ್ತಿಕೊಂಡೆ.